ಕೇಟರ್‌ಹ್ಯಾಮ್ ಸೆವೆನ್‌ಗೆ ಡಿಕ್ಕಿ ಹೊದಿಕೆ, ಹುಡ್, ಪಕ್ಕದ ಪರದೆ: ಕೂರಿಸುವ ಪೂರ್ತಿ ವಿಧಾನ

ಕಿಟ್ ಕಾರು, ಅಂದರೆ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ಕಾರು ಕಟ್ಟುವವರು ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹೊದಿಕೆ, ಹುಡ್, ಪರದೆ ಇರುವ ಮಳೆ ಸಾಮಾನಿನ ಡಬ್ಬ ಮಾತ್ರ ಗ್ಯಾರೇಜಿನ ಮೂಲೆಯಲ್ಲಿ ಹಾಗೇ ಕೂತಿರುತ್ತದೆ. ಕೊನೆಗೆ ಅದನ್ನು ಬಿಚ್ಚಿ, ಒಂದೆರಡು ಗಂಟೆಯಲ್ಲಿ ಮುಗಿಸಿಬಿಡೋಣ ಅಂತ ಡ್ರಿಲ್ ಕೈಗೆತ್ತಿಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲೇ. ಬೋಲ್ಟ್ ತಪ್ಪಾಗಿ ಹಾಕಿದರೆ ಬಿಚ್ಚಿ ಮತ್ತೆ ಹಾಕಬಹುದು. ಹೊಳೆಯುವ ಅಲ್ಯೂಮಿನಿಯಂ ತಗಡಿನಲ್ಲಿ ತಪ್ಪು ಜಾಗಕ್ಕೆ ತೂತು ಬಿದ್ದರೆ ಅದು ಕಾರು ಇರುವವರೆಗೂ ಕಾಣುತ್ತದೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ತೂತು ಎಲ್ಲಿ ಬೀಳಬೇಕು ಅನ್ನುವುದನ್ನು ಅಳತೆ ಟೇಪು ಹೇಳಬಾರದು, ಬಟ್ಟೆ ಹೇಳಬೇಕು. ಕೆಳಗೆ ಬರುವ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ನಾನು ಇಲ್ಲಿ ಉದಾಹರಣೆಗೆ ಹಿಡಿದಿರುವುದು ಇಂಗ್ಲೆಂಡಿನ ಕೇಟರ್‌ಹ್ಯಾಮ್ ಸೆವೆನ್. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಹೊರತಂದಿತು. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಕಟ್ಟಬೇಕಿತ್ತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಕಿಟ್ ಕಾರಿನ ಗೀಳು ಬೆಳೆದದ್ದು ಹೀಗೆ. 1973ರಲ್ಲಿ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಾರ್ಸ್‌ಗೆ ಬಂತು. ಅದೇ ವರ್ಷ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು. ತೆರಿಗೆಯ ಲಾಭ ಹೋದರೂ ಮನೆಯಲ್ಲಿ ಕಾರು ಕಟ್ಟುವವರು ಬಿಡಲಿಲ್ಲ.

ಈ ಕಾರಿಗೆ ಬಾಗಿಲಿಲ್ಲ, ಗಟ್ಟಿ ಚಾವಣಿಯಿಲ್ಲ, ಡಿಕ್ಕಿಗೆ ಮುಚ್ಚಳವೂ ಇಲ್ಲ. ಸೀಟಿನ ಹಿಂದೆ ಒಂದು ತೆರೆದ ಪೆಟ್ಟಿಗೆ, ಅಷ್ಟೇ. ಮಳೆ ತಡೆಯುವುದೆಲ್ಲ ಬಟ್ಟೆಯ ಕೆಲಸ. ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಜೀಪಿಗೆ ಟಾಪ್ ಕಟ್ಟಿಸಿದವರಿಗೆ ಈ ಕೆಲಸದ ಮುಕ್ಕಾಲು ಪಾಲು ಗೊತ್ತೇ ಇದೆ. ಅದೇ ರೆಕ್ಸಿನ್, ಅದೇ ಕಮಾನು, ಅದೇ ಟಿಚ್ ಬಟನ್. ಜೀಪಿನ ಟಾಪ್ ಹಾಕುವವರಿಗೂ ಇಲ್ಲಿನ ಬಹುಪಾಲು ಹಂತಗಳು ಹಾಗೇ ಒದಗುತ್ತವೆ.

ಡಬ್ಬದಲ್ಲಿ ಏನೇನಿರುತ್ತದೆ

ಡಿಕ್ಕಿ ಹೊದಿಕೆ ಅಂದರೆ ಸೀಟಿನ ಹಿಂದಿನ ಪೆಟ್ಟಿಗೆಯನ್ನು ಮುಚ್ಚುವ ಚಪ್ಪಟೆ ಬಟ್ಟೆ. ಹುಡ್ ಅಂದರೆ ಮುಂದಿನ ಗಾಜಿನ ಮೇಲಂಚಿನಿಂದ ಹಿಂದಿನವರೆಗೆ ಬರುವ ಚಾವಣಿ. ಅದನ್ನು ಎತ್ತಿ ಹಿಡಿಯುವುದು ಮಡಚುವ ಕಬ್ಬಿಣದ ಕಮಾನುಗಳು. ಪಕ್ಕದ ಪರದೆಗಳು ಬಾಗಿಲಿನ ಕೆಲಸ ಮಾಡುತ್ತವೆ. ಚೌಕಟ್ಟಿಗೆ ಬಟ್ಟೆ ಹೊದಿಸಿ, ನಡುವೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಹೊಲಿದಿರುತ್ತಾರೆ. ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಪಿನ್ನುಗಳ ಮೇಲೆ ಇವು ನೇತಾಡುತ್ತವೆ. ಬೇಡ ಅಂದಾಗ ಮೇಲಕ್ಕೆ ಎತ್ತಿದರೆ ಕಳಚಿ ಬರುತ್ತವೆ.

ಬಟ್ಟೆ ಎರಡು ಬಗೆ. ಒಂದು ವಿನೈಲ್, ನಮ್ಮ ರೆಕ್ಸಿನ್. ಇನ್ನೊಂದು ಮೊಹೇರ್ ಅಂತ ಮಾರುವ ನೇಯ್ದ ಬಟ್ಟೆ, ನಡುವೆ ರಬ್ಬರ್ ಪದರ ಇರುವಂಥದ್ದು. ವಿನೈಲ್ ಅಗ್ಗ, ಒರೆಸಿದರೆ ಸಾಕು, ಚೊಕ್ಕಟ. ಮೊಹೇರ್ ನೋಡಲು ಚೆಂದ, ಚಳಿಗೆ ಅಷ್ಟಾಗಿ ಕುಗ್ಗುವುದಿಲ್ಲ. ದುಡ್ಡಿದ್ದರೆ ನಾನು ಮೊಹೇರ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಡಿಕ್ಕಿ ಹೊದಿಕೆಗೆ ಮಾತ್ರ ವಿನೈಲ್ ಸಾಕು.

ಟಿಚ್ ಬಟನ್ನಿಗೆ ನಾಲ್ಕು ತುಂಡು. ಬಟ್ಟೆಯ ಹೊರಗೆ ಕಾಣುವ ಕ್ಯಾಪ್, ಬಟ್ಟೆಯ ಒಳಗೆ ಕೂರುವ ಸಾಕೆಟ್, ಈ ಸಾಕೆಟ್ ಕಚ್ಚಿಕೊಳ್ಳುವ ಸ್ಟಡ್, ಆ ಸ್ಟಡ್ ಹಿಡಿಯುವ ತಳದ ತುಂಡು. ತಗಡಿನ ಮೇಲೆ ಕೂರಿಸುವಾಗ ತಳದ ತುಂಡು ಬೇಡ. ಅದರ ಬದಲು ಒಂದು ರಿವಿಟ್ ಅಥವಾ ಸ್ಕ್ರೂ. ದೋಣಿಗೆ ಬಳಸುವ ಸ್ಟೇನ್‌ಲೆಸ್ ಅಥವಾ ನಿಕಲ್ ಲೇಪದ ಹಿತ್ತಾಳೆ ಬಟನ್ ತಗೊಳ್ಳಿ. ಬಟ್ಟೆಯಂಗಡಿಯ ಬಟನ್ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಸಲಕರಣೆ

ಬ್ಯಾಟರಿ ಡ್ರಿಲ್, 2 ಮಿ.ಮೀ. ಮತ್ತು 3.3 ಮಿ.ಮೀ. ಬಿಟ್, ಕೈ ರಿವಿಟರ್, 3.2 ಮಿ.ಮೀ. ಅಲ್ಯೂಮಿನಿಯಂ ರಿವಿಟ್, ಟಿಚ್ ಬಟನ್ ಬಡಿಯುವ ಅಚ್ಚು, ಸಣ್ಣ ಸುತ್ತಿಗೆ, ಬಟ್ಟೆ ತೂತು ಮಾಡುವ ಪಂಚ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಒಂದು ಹಳೇ ಲಿಪ್‌ಸ್ಟಿಕ್. ಲಿಪ್‌ಸ್ಟಿಕ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಇನ್ನೊಂದು ಬೇಕೇ ಬೇಕು: ಡ್ರಿಲ್ ಬಿಟ್ ಒಳಕ್ಕೆ ನುಗ್ಗದಂತೆ ತಡೆ. ಅಂಗಡಿಯಲ್ಲಿ ಸಿಗುವ ಉಂಗುರವೂ ಆಗುತ್ತದೆ. ಸಣ್ಣ ಮರದ ತುಂಡಿಗೆ ತೂತು ಮಾಡಿ ಬಿಟ್ಟಿಗೆ ಸಿಕ್ಕಿಸಿ, 5 ಮಿ.ಮೀ. ತುದಿ ಮಾತ್ರ ಹೊರಗೆ ಬಿಟ್ಟರೂ ಆಗುತ್ತದೆ.

ಇದು ಯಾಕಷ್ಟು ಮುಖ್ಯ ಅಂದರೆ, ಸೆವೆನ್‌ನ ಪೆಟ್ರೋಲ್ ಟ್ಯಾಂಕ್ ಇರುವುದು ಕಾರಿನ ಹಿಂತುದಿಯಲ್ಲಿ, ಡಿಕ್ಕಿಯ ಮಗ್ಗುಲಲ್ಲೇ. ಹಿಂದಿನ ತಗಡಿಗೆ ಬಿಟ್ ಇಟ್ಟು ಒತ್ತಿದಾಗ ಅದು ಗಕ್ಕನೆ ಒಳಗೆ ನುಗ್ಗಿದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಡ್ರಿಲ್ ಹಿಡಿಯುವ ಮುಂಚೆ ಡಿಕ್ಕಿಯ ಹಾಸು ಎತ್ತಿ, ಟಾರ್ಚ್ ಹಾಕಿ, ಟ್ಯಾಂಕ್ ಎಲ್ಲಿದೆ, ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆ, ಹಿಂದಿನ ದೀಪದ ವೈರ್ ಎಲ್ಲಿದೆ ಅಂತ ಕಣ್ಣಾರೆ ನೋಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಗ್ಯಾರೇಜ್ ಬಾಗಿಲು ತೆರೆದಿಡಿ. ಟ್ಯಾಂಕ್ ಇನ್ನೂ ಕೂರಿಸಿಲ್ಲ ಅಂದರೆ ಈ ತೂತುಗಳನ್ನು ಅದಕ್ಕೂ ಮುಂಚೆಯೇ ಹೊಡೆಯುವುದು ಎಲ್ಲಕ್ಕಿಂತ ಕ್ಷೇಮ.

ಬಟ್ಟೆಯನ್ನು ಮೊದಲು ಬೆಚ್ಚಗೆ ಮಾಡಿ

ತಮಟೆಯ ಚರ್ಮ ಬಿಸಿಗೆ ಬಿಗಿಯಾಗುತ್ತದೆ, ರೆಕ್ಸಿನ್ ಅದರ ತದ್ವಿರುದ್ಧ, ಬಿಸಿಗೆ ಸಡಿಲವಾಗಿ ಚಳಿಗೆ ಕುಗ್ಗುತ್ತದೆ. ಇಂಗ್ಲೆಂಡಿನ ಜನವರಿಯಲ್ಲಿ ಗ್ಯಾರೇಜ್ 5 ಡಿಗ್ರಿಯಲ್ಲಿದ್ದರೆ, ಡಬ್ಬದಿಂದ ತೆಗೆದ ಹುಡ್ ಕಾರಿಗೆ ಚಿಕ್ಕದು ಅನ್ನಿಸುತ್ತದೆ. ಎಷ್ಟೋ ಜನ ಆಗಲೇ ತಪ್ಪು ಅಳತೆಯ ಹುಡ್ ಕಳಿಸಿದ್ದಾರೆ ಅಂತ ಅಂಗಡಿಗೆ ಫೋನ್ ಮಾಡುತ್ತಾರೆ. ಬಟ್ಟೆಯದು ತಪ್ಪಿಲ್ಲ. ಅದಕ್ಕೆ ಚಳಿಯಾಗಿದೆ.

ಹಿಂದಿನ ರಾತ್ರಿಯೇ ಬಟ್ಟೆಯನ್ನು ಮನೆಯೊಳಗೆ ತಂದು ಹರಡಿ. ಮಡಿಕೆಗಳೆಲ್ಲ ತಾವಾಗಿ ಬಿಡಬೇಕು. ಕೆಲಸ ಮಾಡುವ ಜಾಗವೂ 20 ಡಿಗ್ರಿ ಆಸುಪಾಸು ಇರಲಿ. ಬೇಸಿಗೆಯ ದಿನ ಬಿಸಿಲಿಗೆ ಒಂದು ಗಂಟೆ ಹಾಕಿದರೂ ಸಾಕು. ಆದರೆ ಅತಿ ಬಿಸಿಯೂ ಬೇಡ. ಸುಡುವ ಬಿಸಿಲಲ್ಲಿ ಎಳೆದು ಬಿಗಿದರೆ, ಚಳಿ ಬಂದಾಗ ಬಟನ್ನುಗಳು ಸ್ಟಡ್ಡಿಗೆ ಎಟುಕುವುದೇ ಇಲ್ಲ. ಹಾಟ್ ಏರ್ ಗನ್ ಹಿಡಿಯಲೇಬೇಡಿ, ಕಿಟಕಿಯ ಪ್ಲಾಸ್ಟಿಕ್ ಸುಕ್ಕಾಗಿ ಮಂಜಾಗುತ್ತದೆ.

ಯಾವುದು ಮೊದಲು

ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ, ಸೀಟಿನ ಹಿಂದಿನ ಗಟ್ಟಿ ಕೊಳವೆ) ಮತ್ತು ಸೀಟ್ ಬೆಲ್ಟ್ ಮೊದಲು ಕೂತಿರಬೇಕು. ಡಿಕ್ಕಿ ಹೊದಿಕೆಗೆ ಇವುಗಳ ಕಾಲು ಮತ್ತು ಪಟ್ಟಿ ಹಾಯಲು ಸೀಳು ಇರುತ್ತದೆ. ಅವಿಲ್ಲದೆ ಹೊದಿಕೆಯ ಜಾಗ ತೀರ್ಮಾನ ಮಾಡಿದರೆ ಆಮೇಲೆ ಸೀಳು ಒಂದು ಕಡೆ, ಕಾಲು ಇನ್ನೊಂದು ಕಡೆ.

ಆಮೇಲೆ ಹುಡ್ ಕಮಾನು, ಪಕ್ಕದ ಪರದೆ, ಕೊನೆಗೆ ಬಟ್ಟೆಗಳು. ಒಂದು ವಿಷಯ ಇಲ್ಲಿ ಗಮನಿಸಬೇಕು. ಎಷ್ಟೋ ಕಿಟ್‌ಗಳಲ್ಲಿ ಹಿಂದಿನ ಅಂಚಿನ ಸ್ಟಡ್ ಸಾಲನ್ನು ಹುಡ್ ಮತ್ತು ಡಿಕ್ಕಿ ಹೊದಿಕೆ ಎರಡೂ ಹಂಚಿಕೊಳ್ಳುತ್ತವೆ. ನಿಮ್ಮದೂ ಹಾಗಿದ್ದರೆ, ಸುಮ್ನೆ ಹೊದಿಕೆ ಸುಲಭ ಅಂತ ಅದನ್ನೇ ಮೊದಲು ಮುಗಿಸಬೇಡಿ. ಎರಡೂ ಬಟ್ಟೆಯನ್ನು ಒಂದಾದ ಮೇಲೊಂದು ಹಾಸಿ, ಗುರುತು ಎರಡಕ್ಕೂ ಹೊಂದುತ್ತದಾ ಅಂತ ನೋಡಿ. ಹುಡ್ ಬಿಗಿಯಾಗಿ ಎಳೆಯುವ ಬಟ್ಟೆ, ಅದು ಕೇಳಿದ ಜಾಗವೇ ಕೊನೆಯ ಮಾತು. ಹೊದಿಕೆ ಚೂರು ಹೊಂದಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮುನ್ನ ಐವಿಎ ತಪಾಸಣೆ, ಅಂದರೆ ಒಂದೊಂದೇ ಕಾರನ್ನು ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆ ದಾಟಬೇಕು. ಅಲ್ಲಿ ಹೊರಗೆ ಚಾಚಿದ ಚೂಪು ಅಂಚು, ಕನ್ನಡಿಯ ನೋಟ ಎಲ್ಲ ನೋಡುತ್ತಾರೆ. ಹಾಗಾಗಿ ಬಹಳ ಜನ ಮಳೆ ಸಾಮಾನನ್ನು ತಪಾಸಣೆ ಮುಗಿದ ಮೇಲೆ ಹಾಕುತ್ತಾರೆ. ನನ್ನ ಸಲಹೆಯೂ ಅದೇ.

ಡಿಕ್ಕಿ ಹೊದಿಕೆ

ಗುರುತು ಹಾಕುವ ರೀತಿ ಇದರಲ್ಲೇ ಸುಲಭವಾಗಿ ತಿಳಿಯುತ್ತದೆ ಅಂತ ಇದನ್ನು ಮೊದಲು ಹೇಳುತ್ತಿದ್ದೇನೆ, ಕೆಲಸದ ಕ್ರಮ ಮಾತ್ರ ಮೇಲೆ ಹೇಳಿದ್ದೇ. ಕಾರಿನ ಹಿಂದಿನ ಅಂಚಿನುದ್ದಕ್ಕೂ, ಎರಡು ಬದಿಗೂ ಅಗಲವಾದ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪಿನ ಮೇಲೆ ಪೆನ್ಸಿಲ್ ಗುರುತು ಚೆನ್ನಾಗಿ ಕಾಣುತ್ತದೆ, ಬಣ್ಣಕ್ಕೆ ಗೀರು ಬೀಳುವುದಿಲ್ಲ, ಡ್ರಿಲ್ ಬಿಟ್ ಜಾರುವುದೂ ಇಲ್ಲ. ಹಿಂದಿನ ತಗಡಿನ ಸರಿ ಮಧ್ಯ ಕಂಡುಹಿಡಿದು ಗೆರೆ ಎಳೆಯಿರಿ. ಹೊದಿಕೆಯನ್ನು ಮಡಚಿ ಅದರ ಮಧ್ಯಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಎರಡೂ ಗುರುತು ಒಂದಕ್ಕೊಂದು ಕೂಡಲಿ.

ಹೊದಿಕೆ ಹಾಸಿ. ಸೀಟಿನ ಹಿಂದಿನ ಅಂಚನ್ನು ಟೇಪಿನಿಂದ ತಾತ್ಕಾಲಿಕವಾಗಿ ಹಿಡಿಸಿ. ರೋಲ್ ಬಾರಿನ ಕಾಲುಗಳು ಸೀಳಿನ ಮಧ್ಯಕ್ಕೆ ಬಂದಿವೆಯಾ ನೋಡಿ. ಈಗ ಹಿಂದಕ್ಕೆ ಅಂಗೈಯಿಂದ ಸವರುತ್ತಾ ಎಳೆಯಿರಿ. ಸುಕ್ಕು ಹೋಗುವಷ್ಟು ಎಳೆತ ಸಾಕು. ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಎಳೆಯುತ್ತಿದ್ದೀರಿ ಅಂದರೆ ಅದು ಜಾಸ್ತಿಯಾಯಿತು.

ಬಟ್ಟೆಗೆ ಕ್ಯಾಪ್ ಮತ್ತು ಸಾಕೆಟ್ ಮೊದಲೇ ಹಾಕಿ ಕಳಿಸಿದ್ದರೆ ಲಿಪ್‌ಸ್ಟಿಕ್ ಕೆಲಸಕ್ಕೆ ಬರುತ್ತದೆ. ನಡುವಿನ ಸಾಕೆಟ್ಟಿನ ಅಂಚಿಗೆ ತೆಳ್ಳಗೆ ಸವರಿ. ಬಟ್ಟೆಯನ್ನು ಎಳೆದು ಹಿಡಿದು, ಕ್ಯಾಪ್ ಮೇಲೆ ಹೆಬ್ಬೆರಳಿಂದ ನೇರವಾಗಿ ಒತ್ತಿ, ಜಾರಿಸದೆ ಎತ್ತಿ. ಟೇಪಿನ ಮೇಲೆ ಒಂದು ಕೆಂಪು ಉಂಗುರ ಮೂಡುತ್ತದೆ. ಅದರ ನಡುವೆ ಪೆನ್ಸಿಲ್ ಚುಕ್ಕೆ ಇಡಿ. ಉಂಗುರ ಒಂದು ಕಡೆ ಉಜ್ಜಿದ ಹಾಗೆ ಕಂಡರೆ ಬಟ್ಟೆ ಜಾರಿದೆ ಅಂತ ಅರ್ಥ. ಒರೆಸಿ ಮತ್ತೆ ಒತ್ತಿ.

ಬಟ್ಟೆ ಖಾಲಿ ಬಂದಿದ್ದರೆ ಕ್ರಮ ಉಲ್ಟಾ. ಮೊದಲು ತಗಡಿಗೆ ಸ್ಟಡ್, ಆಮೇಲೆ ಅದರ ಮೇಲೆ ಬಟ್ಟೆ ಒತ್ತಿ ಗುರುತು. ಸ್ಟಡ್ ನಡುವೆ 100ರಿಂದ 150 ಮಿ.ಮೀ. ಅಂತರ ಇರಲಿ. ಮೂಲೆಗಳಲ್ಲಿ ಹತ್ತಿರ ಹತ್ತಿರ ಹಾಕಿ, ಗಾಳಿ ಬಟ್ಟೆಯನ್ನು ಮೊದಲು ಎತ್ತುವುದು ಅಲ್ಲೇ. ಬಟನ್ ಕೂರುವ ಜಾಗದಲ್ಲಿ ಬಟ್ಟೆ ಎರಡು ಪದರ ಇರಲೇಬೇಕು. ಅಂಚಿನಿಂದ ತೂತಿನ ನಡುವಿಗೆ ಕನಿಷ್ಠ 12 ಮಿ.ಮೀ. ಬಿಡಿ. ತೂತು ಕ್ಯಾಪಿನ ಕೊಳವೆಗಿಂತ ಚೂರು ಸಣ್ಣದಿದ್ದರೆ ಒಳ್ಳೆಯದು, ಬಟ್ಟೆ ಅದನ್ನು ಕಚ್ಚಿ ಹಿಡಿಯುತ್ತದೆ. ಮೊಹೇರ್ ಆದರೆ ಪಂಚ್ ಬಡಿಯುವ ಬದಲು ದಬ್ಬಳದಿಂದ ನೂಲುಗಳನ್ನು ಸರಿಸಿ ದಾರಿ ಮಾಡಿ. ಕತ್ತರಿಸಿದ ನೂಲು ಆಮೇಲೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಈಗ ಮುಖ್ಯ ಮಾತು. ಎಲ್ಲ ಗುರುತನ್ನೂ ಒಟ್ಟಿಗೆ ಹಾಕಿ, ಎಲ್ಲ ತೂತನ್ನೂ ಒಟ್ಟಿಗೆ ಹೊಡೆಯಬೇಡಿ. ನಡುವಿನದು ಒಂದು ಗುರುತು, ಒಂದು ತೂತು, ಒಂದು ಸ್ಟಡ್. ಬಟನ್ ಹಾಕಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಪ್ರತಿ ಬಟನ್ ಹಾಕಿದ ಮೇಲೂ ಬಟ್ಟೆಯ ಎಳೆತ ಬದಲಾಗುತ್ತದೆ, ಮುಂದಿನ ಬಟನ್ನಿನ ಜಾಗ ಒಂದೆರಡು ಮಿ.ಮೀ. ಸರಿಯುತ್ತದೆ. ಇಡೀ ಸಾಲನ್ನು ಅಳತೆ ಟೇಪಿನಿಂದ ಅಳೆದು ಹೊಡೆದರೆ, ನಡುವಿನಿಂದ ಹೊರಗೆ ಹೋಗುತ್ತಾ ಆ ವ್ಯತ್ಯಾಸ ಕೂಡುತ್ತಾ ಹೋಗಿ ಮೂಲೆಯ ಬಟನ್ ಕೂರುವುದೇ ಇಲ್ಲ.

ಎರಡು ಬದಿ ಮತ್ತು ಮೂಲೆ ಕೊನೆಗೆ. ಸೀಟಿನ ಕಡೆಯ ಅಂಚಿಗೆ ಕೆಲವರು ವೆಲ್ಕ್ರೊ ಹಾಕುತ್ತಾರೆ, ಕೆಲವರು ಬಟನ್. ಡಿಕ್ಕಿಗೆ ದಿನಾ ಕೈ ಹಾಕುವವರಿಗೆ ವೆಲ್ಕ್ರೊ ಅನುಕೂಲ. ಅದನ್ನು ಅಂಟಿನ ಮೇಲೆ ಮಾತ್ರ ನಂಬಬೇಡಿ, ಬಟ್ಟೆಯ ಕಡೆ ಹೊಲಿಸಿಬಿಡಿ.

ತೂತು ಮತ್ತು ರಿವಿಟ್

ಚುಕ್ಕೆಯ ಮೇಲೆ ಮೊದಲು 2 ಮಿ.ಮೀ. ಬಿಟ್, ನಿಧಾನ ವೇಗ, ತಡೆ ಉಂಗುರ ಹಾಕಿಕೊಂಡೇ. ಬಟನ್ ಒತ್ತಿ ಮತ್ತೊಮ್ಮೆ ಜಾಗ ನೋಡಿ. ಚೂರು ಆಚೀಚೆ ಇದ್ದರೆ ಈಗಲೂ ಸರಿಮಾಡಬಹುದು. ಸರಿ ಅನ್ನಿಸಿದ ಮೇಲೆ 3.3 ಮಿ.ಮೀ. ಬಿಟ್ಟಿನಿಂದ ದೊಡ್ಡದು ಮಾಡಿ. ತೂತಿನ ಅಂಚಿನ ಮುಳ್ಳನ್ನು ದೊಡ್ಡ ಬಿಟ್ ಕೈಯಲ್ಲಿ ಹಿಡಿದು ತಿರುಗಿಸಿ ತೆಗೆಯಿರಿ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೆ ಬರುವುದಿಲ್ಲ, ವ್ಯಾಕ್ಯೂಮ್ ಹಿಡಿಯಿರಿ.

ರಿವಿಟ್ ಹಾಕುವ ಮುಂಚೆ ಒಂದನ್ನು ಬೇಡದ ತಗಡಿನ ಚೂರಿನ ಮೇಲೆ ಹಾಕಿ ನೋಡಿ. ರಿವಿಟಿನ ತಲೆ ಸ್ಟಡ್ಡಿನ ಗುಳಿಯೊಳಗೆ ಪೂರ್ತಿ ಕೂರಬೇಕು. ತಲೆ ಎತ್ತಿ ನಿಂತರೆ ಸಾಕೆಟ್ ಮೇಲೆ ಬಂದು ತಾಗುತ್ತದೆ, ಟಿಚ್ ಅನ್ನುವ ಸದ್ದೇ ಬರುವುದಿಲ್ಲ. ಎಷ್ಟು ಒತ್ತಿದರೂ ಬಟನ್ ಕೂರದಿರುವುದಕ್ಕೆ ಇದೇ ಸಾಮಾನ್ಯ ಕಾರಣ. ಬಟ್ಟೆಯನ್ನು ಬೈದು ಪ್ರಯೋಜನವಿಲ್ಲ.

ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಟಡ್ ನೇರವಾಗಿ ಅಲ್ಯೂಮಿನಿಯಂ ಮೇಲೆ ಕೂತು, ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಬಿಳಿ ಪುಡಿ ಕಾಣಿಸಿಕೊಂಡು ಬಣ್ಣ ಗುಳ್ಳೆ ಏಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ದೇಶದಲ್ಲಿ ಇದು ಇನ್ನೂ ಬೇಗ. ಸ್ಟಡ್ಡಿನ ಕೆಳಗೆ ಒಂದು ತೊಟ್ಟು ನ್ಯೂಟ್ರಲ್ ಸಿಲಿಕೋನ್ ಇಟ್ಟು ರಿವಿಟ್ ಮಾಡಿ. ತುಕ್ಕೂ ಇಲ್ಲ, ತೂತಿನಿಂದ ನೀರೂ ಇಳಿಯುವುದಿಲ್ಲ. ರಿವಿಟಿನ ಕಡಿದ ಮೊಳೆ ತಗಡಿನ ಹಿಂದೆ ಬಿದ್ದರೆ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕಿಣಿಕಿಣಿ.

ಫೈಬರ್ ಗ್ಲಾಸ್ ಮೈ ಇರುವ ಕಿಟ್ ಆದರೆ ಮೇಲಿನ ಹೊಳಪು ಪದರ ಸಿಡಿಯದಂತೆ ಎಚ್ಚರ ಬೇಕು. ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಆ ಪದರ ಸವೆಸಿ, ಆಮೇಲೆ ನೇರಕ್ಕೆ ಹಾಕಿ. ರಿವಿಟಿನ ಹಿಂದೆ ಸಣ್ಣ ವಾಷರ್ ಕೊಡಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಮೂಗಿಗೆ ಒಳ್ಳೆಯದಲ್ಲ.

ಪಕ್ಕದ ಪರದೆ

ಇದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗೆ ಪರದೆ ಹಿಡಿಯಬೇಕು. ಮೊಣಕೈ ಪೂರ್ತಿ ತಿರುವಿನಲ್ಲೂ ಪರದೆಗೆ ಬಡಿಯಬಾರದು. ಪರದೆಯ ಕೆಳಂಚು ಕಾರಿನ ಅಂಚಿಗೆ ಉಜ್ಜದೆ, ಮಳೆಯೂ ನುಗ್ಗದೆ ಕೂರುವ ಎತ್ತರ ಹುಡುಕಿ.

ಕೀಲಿನ ಎರಡು ಪಿನ್ನೂ ಒಂದೇ ನೇರದಲ್ಲಿರಬೇಕು. ಒಂದು ಚೂರು ಸೊಟ್ಟಗಿದ್ದರೂ ಪರದೆ ಅರ್ಧ ತೆರೆದು ನಿಂತುಬಿಡುತ್ತದೆ, ಬಲವಂತ ಮಾಡಿದರೆ ಚೌಕಟ್ಟು ಬಾಗುತ್ತದೆ. ಕೀಲುಗಳನ್ನು ಟೇಪಿನಿಂದ ಹಿಡಿಸಿ, ಪರದೆ ನೇತುಹಾಕಿ, ಪೂರ್ತಿ ತೆರೆದು ಮುಚ್ಚಿ ನೋಡಿದ ಮೇಲೇ ತೂತು. ಮೇಲಿನ ಕೀಲು ಮೊದಲು, ಮತ್ತೆ ಪರೀಕ್ಷೆ, ಆಮೇಲೆ ಕೆಳಗಿನದು. ಹಿಂದಿನ ಪಟ್ಟಿಯ ಬಟನ್ ಕೊನೆಗೆ. ಪರದೆ ಬಣ್ಣಕ್ಕೆ ತಾಗುವ ಜಾಗಕ್ಕೆ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಿ. ಸೈಡ್ ಕನ್ನಡಿ ಈಗ ಪ್ಲಾಸ್ಟಿಕ್ ಮೂಲಕ ಕಾಣುತ್ತದಾದ್ದರಿಂದ ಕೂತು ಮತ್ತೆ ಹೊಂದಿಸಿ.

ಹುಡ್

ಕಮಾನುಗಳನ್ನು ಎತ್ತಿ ನಿಲ್ಲಿಸಿ. ಎಡ ಬಲ ಎತ್ತರ ಕಾರಿನ ಅಂಚಿನಿಂದ ಅಳೆದು ಸಮ ಮಾಡಿ. ಅಳತೆ ಟೇಪಿನ ಮಾತು ನಂಬಬೇಕಾದ ಜಾಗ ಇದೊಂದೇ. ಕಮಾನು ರೋಲ್ ಬಾರಿಗೆ ತಾಗುತ್ತಿದ್ದರೆ ಪಟ್ಟಿ ಹೊಂದಿಸಿ ಬಿಡಿಸಿ. ಬಟ್ಟೆ ಕೂರುವ ಜಾಗಕ್ಕೆ ಫೋಮ್ ಸುತ್ತಿ, ಬರೀ ಕಬ್ಬಿಣ ಬಟ್ಟೆಯನ್ನು ಉಜ್ಜಿ ತೆಳು ಮಾಡುತ್ತದೆ.

ಪಕ್ಕದ ಪರದೆಗಳು ಜಾಗದಲ್ಲಿರಲಿ. ಬೆಚ್ಚಗಿನ ಹುಡ್ಡನ್ನು ಮೇಲೆ ಹಾಸಿ, ಮುಂದೆ ಗಾಜಿನ ಚೌಕಟ್ಟಿನ ಮಧ್ಯಕ್ಕೆ, ಹಿಂದೆ ತಗಡಿನ ಮಧ್ಯಕ್ಕೆ ಗುರುತು ಕೂಡಿಸಿ. ಕೆಲವು ಕಿಟ್‌ಗಳಲ್ಲಿ ಗಾಜಿನ ಚೌಕಟ್ಟಿಗೆ ಸ್ಟಡ್ ಮೊದಲೇ ಇರುತ್ತದೆ. ಇಲ್ಲದಿದ್ದರೆ ಇಲ್ಲಿ ತೂತು ಹೊಡೆಯುವಾಗ ಉಸಿರು ಬಿಗಿಹಿಡಿಯಬೇಕು. ಚೌಕಟ್ಟಿನ ಒಳಗೇ ಗಾಜಿದೆ. ತಡೆಯಿಂದ ಹೊರಗಿರುವ ಬಿಟ್ ತುದಿ ಚೌಕಟ್ಟಿನ ದಪ್ಪಕ್ಕಿಂತ ಕೂದಲೆಳೆ ಮಾತ್ರ ಜಾಸ್ತಿ ಇರಲಿ, ರಿವಿಟಿನ ಬಾಲವೂ ಗಾಜಿಗೆ ತಾಗದಷ್ಟು ಗಿಡ್ಡವಿರಲಿ. ಧೈರ್ಯ ಸಾಲದಿದ್ದರೆ ಈ ಒಂದು ಸಾಲನ್ನು ಹುಡ್ ಹೊಲಿಯುವವರ ಕೈಯಲ್ಲೇ ಮಾಡಿಸಿ.

ಮುಂದಿನ ಸಾಲು ನಡುವಿನಿಂದ ಎರಡೂ ಕಡೆಗೆ. ಆಮೇಲೆ ಹಿಂದಕ್ಕೆ ಬನ್ನಿ. ಒಬ್ಬರು ಎಳೆದು ಹಿಡಿಯಲಿ, ಇನ್ನೊಬ್ಬರು ಗುರುತು ಹಾಕಲಿ. ಹೊಲಿಗೆಯ ಗೆರೆಗಳು ಕಮಾನಿನ ಮೇಲೆ ನೇರವಾಗಿ ಹಾದಿವೆಯಾ ನೋಡಿ. ಗೆರೆ ಒಂದು ಕಡೆ ವಾಲಿದ್ದರೆ ಹುಡ್ ಓರೆಯಾಗಿದೆ. ಆ ಕಡೆ ಜಾಸ್ತಿ ಎಳೆದು ಸರಿಮಾಡಲು ಹೋಗಬೇಡಿ, ಹಿಂದಿನ ಬಟನ್ ಬಿಚ್ಚಿ ಮತ್ತೆ ಹಾಸಿ. ವಿನೈಲ್ ಆದರೆ ಸುಕ್ಕು ಹೋದ ಗುರುತಿನಿಂದ 2-3 ಮಿ.ಮೀ. ಆಚೆಗೆ ಸ್ಟಡ್ ಇಡಿ, ಮೊದಲ ವಾರಗಳಲ್ಲಿ ಬಟ್ಟೆ ಅಷ್ಟು ಹಿಗ್ಗುತ್ತದೆ. ಡಿಕ್ಕಿ ಹೊದಿಕೆಯೂ ಅದೇ ಸಾಲಿಗೆ ಬರುವುದಾದರೆ ಅದನ್ನೂ ಹಾಸಿ ನೋಡಿದ ಮೇಲೇ ಡ್ರಿಲ್.

ಬದಿಯ ಅಂಚು ಕೊನೆಗೆ. ಹುಡ್ಡಿನ ಬದಿಯ ಪಟ್ಟಿ ಪರದೆಯ ಹೊರಗೆ ಇಳಿಬೀಳಬೇಕು. ಒಳಗೆ ಸಿಕ್ಕಿಸಿದರೆ ಚಾವಣಿಯ ನೀರೆಲ್ಲ ನೇರ ತೊಡೆಯ ಮೇಲೆ. ಎಲ್ಲ ಮುಗಿದ ಮೇಲೆ ಹುಡ್ಡನ್ನು ಒಂದು ರಾತ್ರಿ ಬಿಗಿದೇ ಬಿಡಿ.

ನೀರು ಹಾಕಿ ನೋಡುವುದು

ಗಿಡಕ್ಕೆ ನೀರು ಹಾಕುವ ಕ್ಯಾನ್ ಸಾಕು, ಪ್ರೆಷರ್ ವಾಷರ್ ಬೇಡ. ಒಬ್ಬರು ಟಿಶ್ಯೂ ಮತ್ತು ಟಾರ್ಚ್ ಹಿಡಿದು ಒಳಗೆ ಕೂರಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಆಗ ಸೋರುವ ಜಾಗ ಗೊತ್ತಾಗುತ್ತದೆ. ಮೇಲಿಂದಲೇ ಸುರಿದರೆ ನೀರು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಗಾಜಿನ ಮೇಲಿನ ಎರಡು ಮೂಲೆ, ಪರದೆ ಮತ್ತು ಕಂಬದ ನಡುವಿನ ಸಂದು, ರೋಲ್ ಬಾರ್ ಹಾಯುವ ಸೀಳು, ಇವು ಮೂರೂ ಚೂರಾದರೂ ಸೋರುತ್ತವೆ. ಸಂದಿಗೆ ಫೋಮ್ ಪಟ್ಟಿ, ಹೊಲಿಗೆಗೆ ಸೀಮ್ ಸೀಲರ್. ಸೆವೆನ್ ಪೂರ್ತಿ ಒಣಗಿರುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ಹನಿ ಬೀಳುವುದು ನಿಮ್ಮ ಮೈಮೇಲೋ ಕಾಲಬುಡಕ್ಕೋ ಅನ್ನುವುದನ್ನು ಮಾತ್ರ ನಾವು ತೀರ್ಮಾನಿಸಬಹುದು.

ಬಿಚ್ಚುವಾಗ, ಮಡಚುವಾಗ

ಬಟನ್ನನ್ನು ಬಟ್ಟೆ ಹಿಡಿದು ಎಳೆಯಬೇಡಿ. ಕ್ಯಾಪಿನ ಕೆಳಗೆ ಬೆರಳು ತೂರಿಸಿ ಎತ್ತಿ. ಹೊಸ ಸ್ಟಡ್ ಗಟ್ಟಿ ಇರುತ್ತದೆ, ಮೇಲೆ ಚೂರು ಮೇಣ ಅಥವಾ ವ್ಯಾಸಲೀನ್ ಸವರಿ. ಚಳಿಯಲ್ಲಿ ಕಿಟಕಿಯ ಪ್ಲಾಸ್ಟಿಕ್ ಮಡಚಿದರೆ ಸೀಳುತ್ತದೆ. ಹುಡ್ಡನ್ನು ಸುರುಳಿ ಸುತ್ತಿ, ಕಿಟಕಿಯ ಜಾಗಕ್ಕೆ ಹಳೇ ಟವೆಲ್ ಕೊಡಿ. ಒದ್ದೆ ಹುಡ್ ಸುತ್ತಿ ಡಿಕ್ಕಿಗೆ ತುರುಕಿದರೆ ಬೂಸ್ಟು ಹಿಡಿಯುತ್ತದೆ, ಆ ಕಲೆ ಹೋಗುವುದಿಲ್ಲ. ತೊಳೆಯಲು ಉಗುರುಬೆಚ್ಚಗಿನ ನೀರು, ಮೆದು ಸೋಪು. ಥಿನ್ನರ್, ಪೆಟ್ರೋಲ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಕಿಟಕಿ ಹತ್ತಿರಕ್ಕೂ ತರಬೇಡಿ.

ಸ್ಟಡ್ ಕಿತ್ತು ಬಂದರೆ ಹಳೇ ರಿವಿಟಿನ ನಡುವೆಯೇ 3.3 ಮಿ.ಮೀ. ಬಿಟ್ ಇಟ್ಟು, ತಡೆ ಹಾಕಿಕೊಂಡು, ನಿಧಾನಕ್ಕೆ ತಲೆ ಕತ್ತರಿಸಿ ತೆಗೆಯಿರಿ. ತೂತು ಸಡಿಲವಾಗಿದ್ದರೆ ಪಕ್ಕದಲ್ಲಿ ಹೊಸ ತೂತು ಬೇಡ. ತಗಡಿನ ಹಿಂದೆ ಕೈ ಎಟುಕುವ ಕಡೆ ಅಲ್ಯೂಮಿನಿಯಂ ವಾಷರ್ ಇಟ್ಟು, ಸ್ವಲ್ಪ ಉದ್ದದ ರಿವಿಟ್ ಹಾಕಿದರೆ ಅದೇ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ನಾಲ್ಕೈದು ಸ್ಟಡ್, ಅಷ್ಟೇ ರಿವಿಟ್, ಎರಡು ವಾಷರ್ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟುಕೊಳ್ಳಿ.